ಹಾರಲಾರದ ವಿಮಾನದ ಒಡಪು

ಇಳಕಲ್ಲಿನ ಕಾಶಪ್ಪನಿಗೆ ಓಣಿಯವರು ಇಟ್ಟ ಅಡ್ಡಹೆಸರು "ವಿಮಾನಕ್ಕ ಕುಲಾಯಿ ಹೊಲಿಯಾಂವ". ನಗಬೇಡಿ, ಅದು ಸುಳ್ಳಲ್ಲ. ನೇಕಾರರ ಮನೆಯಲ್ಲಿ ಹುಟ್ಟಿಯೂ ಮಗ್ಗಕ್ಕೆ ಕೂರದೆ, ಬಾಗಲಕೋಟೆ ದಾಟಿ ಇನ್ನೊಂದು ಬಸ್ಸು ಹಿಡಿದರೆ ಸಿಗುತ್ತಿದ್ದ ವಿಮಾನದಳದ ತರಬೇತಿ ಕೇಂದ್ರದಲ್ಲಿ ದರ್ಜಿಯ ಕೆಲಸಕ್ಕೆ ಸೇರಿದ ಆಸಾಮಿ. ಅಲ್ಲಿ ಗೇಟಿನ ಮುಂದೆ ಕಟ್ಟೆಯ ಮೇಲೆ ಒಂದು ಹಳೆಯ ವಿಮಾನವನ್ನು ನೋಡುವವರಿಗೆಂದು ನಿಲ್ಲಿಸಿದ್ದರು. ಮಳೆಗಾಲದಲ್ಲಿ ಅದರ ಗಾಜಿನ ಮೇಲೆ ಹಾಕುವ ಕೂಸಿನ ಟೊಪ್ಪಿಗೆಯಂಥ ತಾಡಪತ್ರಿಯ ಹೊದಿಕೆಗೆ ಪ್ರತಿವರ್ಷ ಅವನ ಕೈಯದೇ ಹೊಲಿಗೆ.

ಆ ವಿಮಾನ ಹಾರಿದ್ದನ್ನು ಅವನು ಕಂಡವನೇ ಅಲ್ಲ. ಆದರೂ ಅವನ ಸಂಸಾರವೆಲ್ಲ ಅದರ ಸುತ್ತಲೇ ನಡೆಯಿತು. ಕ್ವಾರ್ಟರ್ಸಿಗೆ ಬರುವ ಬೀಗರಿಗೆ ಗುರುತು ಹೇಳುವುದಿದ್ದರೆ ವಿಮಾನ. ಮಗಳು ಶೀಲಾ ಶಾಲೆ ಬಿಟ್ಟು ಬಂದು ಆಡುತ್ತಿದ್ದುದು ಅದರ ರೆಕ್ಕೆಯ ನೆರಳಲ್ಲಿ. ಸಂಜೆ ಹೆಂಡತಿ ಗುರುಸಿದ್ದವ್ವ ಕೈಚೀಲ ಹಿಡಿದು ಕಾಯುತ್ತಿದ್ದುದೂ ಅಲ್ಲೇ. ಕಾಶಪ್ಪ ಗೇಟು ದಾಟಿ ಬಂದವನೇ ಅವಳ ಕೈಯಿಂದ ಚೀಲ ಇಸಿದುಕೊಳ್ಳುತ್ತಿದ್ದ, ಇಬ್ಬರೂ ಕೂಡಿ ಕಾಯಿಪಲ್ಲೆಗೆ ಹೋಗುತ್ತಿದ್ದರು.

ಶೀಲಾಳಿಗೆ ಹೆಸರಿಟ್ಟ ದಿನ ನೆರೆಯ ಹೆಂಗಸರು ಗುರುಸಿದ್ದವ್ವನನ್ನು ಗಂಡನ ಹೆಸರು ಹೇಳೆಂದು ಹಿಡಿದು ಕೂತರು. ನಮ್ಮ ಕಡೆ ಆಗಿನ ಹೆಣ್ಣುಮಕ್ಕಳು ಗಂಡನ ಹೆಸರನ್ನು ಹಾಗೆಲ್ಲ ನಾಲಿಗೆ ಮೇಲೆ ತರುವವರಲ್ಲ. ಎರಡು ಸಾಲಿನ ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಅವಳು ಸೆರಗು ಬಾಯಿಗೊತ್ತಿ, ಕಿಟಕಿಯಾಚೆ ನೋಡಿ ಹೇಳಿಯೇಬಿಟ್ಟಳು:

"ಗೇಟಿನ ಮುಂದ ನಿಂತೈತಿ ಹಾರಲಾರದ ವಿಮಾನ,
ಕಾಶಪ್ಪನವರ ಹೆಸರ ಹೇಳ್ತೇನಿ, ಕಾಯ್ರಿ ನನ್ನ ಮಾನ."

ಬಾಗಿಲ ಹೊರಗೆ ನಿಂತಿದ್ದ ಕಾಶಪ್ಪ ಕಿವಿಯವರೆಗೆ ಕೆಂಪಾದ. ನೌಕರಿ ಮುಗಿಯುವವರೆಗೂ ಅವಳ ಬಾಯಿಂದ ತನ್ನ ಹೆಸರು ಕೇಳಿದ್ದು ಅದೊಂದೇ ಸಲ.

ಆಮೇಲೆ ನಿವೃತ್ತಿಯಾಯಿತು. ಇಳಕಲ್ಲಿಗೆ ಬಂದು ಮಗಳು ಅಳಿಯನ ಜೋಡಿ ಸುಖವಾಗಿಯೇ ಇದ್ದರು. ಅಷ್ಟರಲ್ಲಿ ಗುರುಸಿದ್ದವ್ವನಿಗೆ ಮರೆವು ಹತ್ತಿತು. ಮೊದಲು ಸಾರಿನ ಉಪ್ಪು ಮರೆತಳು, ಬಳಿಕ ಓಣಿ ಮರೆತಳು, ಈಚೆಗೆ ಕಾಶಪ್ಪ ತಾಟು ತಂದಿಟ್ಟರೆ "ನೀವ್ಯಾರ್ರಿ?" ಎನ್ನತೊಡಗಿದಳು. ಆದರೆ ಹೊತ್ತು ಇಳಿಯುತ್ತಲೇ ಚೀಲ ಹಿಡಿದು ಹೊಸ್ತಿಲಿಗೆ ಬರುವುದನ್ನು ಬಿಡಲಿಲ್ಲ.

"ವಿಮಾನದ ಹಂತೇಕ ಹೋಗ್ಬೇಕ್ರಿ. ನಮ್ಮವರು ಬರೋ ಹೊತ್ತಾತು."

ಅಲ್ಲಿಗೇ ಕರೆದೊಯ್ದರೆ ತನ್ನನ್ನು ಗುರುತಿಸಿಯಾಳು ಎಂದು ಕಾಶಪ್ಪ ಹಟ ಹಿಡಿದ.

"ಅಪ್ಪಾ, ಆ ಕೇಂದ್ರ ಮುಚ್ಚಿ ಯಾವ ಕಾಲಾತು. ಅಲ್ಲೇನೈತಿ?" ಎಂದಳು ಶೀಲಾ.

"ಹಾರಲಾರದ ವಿಮಾನ ಎಲ್ಲಿ ಹೋಗ್ತೈತವ್ವಾ?"

ಮರುದಿನ ಇಬ್ಬರೇ ಹೊರಟರು. ಬಸ್ಸು ಕಮತಗಿ ದಾಟುವಾಗ ಗುರುಸಿದ್ದವ್ವ ತಾನಾಗಿಯೇ ನಕ್ಕಳು. ಅದನ್ನೇ ಒಳ್ಳೆಯ ಶಕುನ ಅಂದುಕೊಂಡ, ಪಾಪ.

ಎರಡನೇ ಬಸ್ಸು ಇಳಿದು ನೋಡಿದರೆ ಕೇಂದ್ರದ ಗೇಟಿಗೆ ತುಕ್ಕು ಹಿಡಿದ ಬೀಗ. ಕಟ್ಟೆಯ ಮೇಲೆ ವಿಮಾನವಿಲ್ಲ, ಅದನ್ನು ಬಿಗಿದಿದ್ದ ಬೋಲ್ಟುಗಳ ಮೋಟು ಉಳಿದಿವೆ, ಒಂದಕ್ಕೆ ಯಾರೋ ಆಡು ಕಟ್ಟಿದ್ದಾರೆ. ವಿಮಾನವನ್ನು ಯಾವ ಊರಿಗೆ ಸಾಗಿಸಿದರೋ ಏನೋ. ಕಾಶಪ್ಪ ಬರಿದಾದ ಕಟ್ಟೆಯನ್ನು ಒಮ್ಮೆ ಸುತ್ತಿ ಬಂದ. ಗುರುಸಿದ್ದವ್ವ ಮಾತ್ರ ತಾನು ಯಾವಾಗಲೂ ನಿಲ್ಲುತ್ತಿದ್ದ ಜಾಗಕ್ಕೇ ಹೋಗಿ ನಿಂತಳು. ಕಟ್ಟೆಯನ್ನು ನೋಡಿದಳು.

"ವಿಮಾನ ಹೋಗಿಬಿಟ್ಟೈತಿ. ನಮ್ಮವರು ನನ್ನ ಬಿಟ್ಟು ಅದ್ರಾಗ ಹೋದ್ರೇನ?" ಕಾಶಪ್ಪನ ಕಡೆ ತಿರುಗಿದಳು. "ಯಜಮಾನ್ರ, ನಮ್ಮವರನ್ನ ನೋಡೀರೇನ್ರಿ?"

ಹೆಂಡತಿಯನ್ನು ಅಪರಿಚಿತರಂತೆ ಅಕ್ಕಾ ತಂಗೀ ಎನ್ನಲು ಅವನಿಗೆ ನಾಲಿಗೆ ಹೊರಳಲಿಲ್ಲ. "ಅವರ ಹೆಸರೇನ್ರಿ?" ಎಂದಷ್ಟೇ ಕೇಳಿದ.

ಅವಳು ಸೆರಗು ಬಾಯಿಗೊತ್ತಿದಳು, ನಾಚಿದಳು. ಒಂದಕ್ಷರ ತಪ್ಪದೆ ಆ ಒಡಪನ್ನೇ ಹೇಳಿದಳು. ಹೆಸರೂ ಬಂತು. ಎದುರಿಗೆ ನಿಂತವನೇ ಆ ಕಾಶಪ್ಪ ಎಂದು ಮಾತ್ರ ಅವಳಿಗೆ ಹೊಳೆಯಲಿಲ್ಲ. ಅವನು ಮುಖ ಆಚೆ ತಿರುಗಿಸಿ ಅತ್ತ.

"ಬರ್ತಾರ್ರಿ," ಎಂದ ಕೊನೆಗೆ. "ಡ್ಯೂಟಿ ಬಿಡೋ ಹೊತ್ತಾತು."

"ಹಂಗಾರ ನೀವು ಆ ಕಡೆ ಸರೀರಿ. ಪರಗಂಡಸಿನ ಜೋಡಿ ನಿಂತದ್ದು ನೋಡಿದ್ರ ಅವರು ಏನಂದಾರು?"

ಕಾಶಪ್ಪ ಬೀಗ ಹಾಕಿದ ಗೇಟಿನವರೆಗೆ ನಡೆದ. ಕಣ್ಣೊರೆಸಿಕೊಂಡ, ಅಂಗಿ ಜಗ್ಗಿ ಸರಿಮಾಡಿಕೊಂಡ, ಹಿಂದೆ ಬರುತ್ತಿದ್ದಂತೆಯೇ ಅಲ್ಲಿಂದ ಅವಳ ಕಡೆಗೆ ಬಂದು ಚೀಲಕ್ಕೆ ಕೈ ಚಾಚಿದ. ಗುರುಸಿದ್ದವ್ವ ಚೀಲವನ್ನು ಎದೆಗವಚಿಕೊಂಡಳು. ತಲೆಯ ಮೇಲೆ ಸೆರಗು ಎಳೆದುಕೊಂಡು, ಅವನ ಹಿಂದಿನ ದಾರಿ ಕಾಣಲೆಂದು ಒಂದಿಷ್ಟು ಪಕ್ಕಕ್ಕೆ ಸರಿದು ನಿಂತಳು.