ಹರಾಜು ಕೂಗುವವರ ಗಂಟಲಕ್ಕ

ತರಕಾರಿ ಮಂಡಿಯ ದೀಪಗಳು ಇನ್ನೂ ಆರಿಲ್ಲ. ಮೂಲೆಯ ಸಣ್ಣ ಕ್ಲಿನಿಕ್ಕಿನಲ್ಲಿ ನರ್ಸಮ್ಮ ಟಾರ್ಚ್ ಹಿಡಿದು, ಹರಾಜು ಕೂಗುವವರೊಬ್ಬರ ಬಾಯೊಳಗೆ ಇಣುಕುತ್ತಿದ್ದಾರೆ. "ಆ ಅನ್ನಿ" ಎಂದರೆ ಅವರಿಗೆ ಅಷ್ಟೂ ಆಗುತ್ತಿಲ್ಲ. ನರ್ಸಮ್ಮನ ಬಗ್ಗೆ ಬರೆಯಲು ಬಂದ ನಾನು ಪಕ್ಕದ ಬೆಂಚಿನ ಮೇಲೆ ಕುಳಿತಿದ್ದೇನೆ.

ಮಂಡಿಯವರು ಈಕೆಯನ್ನು ಕರೆಯುವುದೇ 'ಗಂಟಲಕ್ಕ' ಎಂದು. ಗಂಡ ತೀರಿಕೊಂಡಾಗ ಹಿಡಿದ ಕೆಲಸ, ಹತ್ತೊಂಬತ್ತು ವರ್ಷವಾಯಿತು. ಬೆಳಗಿಗೆ ಮೂವತ್ತು ನಲವತ್ತು ಜನ ಬರುತ್ತಾರೆ. ಕೂಗಿ ಹೊಟ್ಟೆ ಹೊರೆಯುವ ಜಾಗವಾದ್ದರಿಂದ ಅರ್ಧಕ್ಕರ್ಧ ಗಂಟಲು ನೋವಿನವರೇ. ಡಾಕ್ಟರು ಬರೆಯದೆ ಈಕೆ ಜಪ್ಪಯ್ಯ ಎಂದರೂ ಆ್ಯಂಟಿಬಯೋಟಿಕ್ ಕೊಡುವುದಿಲ್ಲ. "ಒಂದು ಮಾತ್ರೆ ಕೊಟ್ರೆ ಇವರಪ್ಪನ ಮನೆ ಗಂಟು ಹೋಗುತ್ತಾ?" ಎಂದು ಗೊಣಗುವವರಿಗೇನೂ ಬರವಿಲ್ಲ.

"ನೆಗಡಿ, ಕೆಮ್ಮು ಇದೆ, ಜ್ವರ ಇಲ್ಲ. ಇದು ವೈರಸ್ ಥರ ಕಾಣ್ತಿದೆ ಅಣ್ಣ, ಆ್ಯಂಟಿಬಯೋಟಿಕ್ ಮಾತ್ರೆಗೆ ಬಗ್ಗಲ್ಲ. ಬೆಚ್ಚಗಿನ ಉಪ್ಪುನೀರಲ್ಲಿ ಗಂಟಲು ಮುಕ್ಕಳಿಸಿ, ನೋವಿಗೆ ಪ್ಯಾರಾಸಿಟಮಾಲ್ ತಗೊಳ್ಳಿ. ಬಾಯಿಗೆ ರಜ ಕೊಡಿ."

"ರಜ ಕೊಟ್ರೆ ನನ್ನ ಜಾಗಕ್ಕೆ ಭಾವಮೈದ ಬರ್ತಾನೆ ಅಕ್ಕ," ಅವರು ಪಿಸುಗುಟ್ಟುತ್ತಾರೆ. "ನಿನ್ನೆಯಿಂದ ಆ ಮಾತ್ರೇನೇ ನುಂಗ್ತಿದ್ದೀನಿ. ಇನ್ನೊಂದೆರಡು ಕೊಡಿ, ಸಾಕು."

"ಎಲ್ಲಿಂದ ಬಂತು ನಿಮ್ಹತ್ರ?"

"ಮಗಳದ್ದು. ಅವಳಿಗೆ ಜ್ವರ ಬಿಟ್ಟಿದೆ, ಆಡ್ಕೊಂಡಿದಾಳೆ. ಉಳಿದಿದ್ದು ಯಾಕೆ ಹಾಳಾಗ್ಬೇಕು ಅಂತ."

ಗಂಟಲಕ್ಕ ಟಾರ್ಚ್ ಆರಿಸುತ್ತಾರೆ. ಆ ಹುಡುಗಿಯ ಗಂಟಲಿಗೆ ಹತ್ತಿಯ ಕಡ್ಡಿ ಹಾಕಿ ಪರೀಕ್ಷೆಗೆ ಕಳಿಸಿದವರು ಇವರೇ. ಬ್ಯಾಕ್ಟೀರಿಯಾ ಇದೆ ಎಂದು ಗೊತ್ತಾದ ಮೇಲೆಯೇ ಡಾಕ್ಟರು ಮಾತ್ರೆ ಬರೆದಿದ್ದರು. ಅಪ್ಪನ ಉಳಿತಾಯ ಬುದ್ಧಿಗೆ ನನಗೆ ನಗು ಬರುತ್ತದೆ. ಆದರೆ ಗಂಟಲಕ್ಕನ ಮುಖದಲ್ಲಿ ನಗುವಿಲ್ಲ.

"ಜ್ವರ ಬಿಟ್ರೂ ಸೋಂಕು ಪೂರ್ತಿ ಹೋಗಿರಲ್ಲ. ಅರ್ಧಕ್ಕೇ ನಿಲ್ಲಿಸಿದ್ರೆ ತಿರುಗಿ ಬರಬಹುದು, ಅಪರೂಪಕ್ಕೆ ಹೃದಯಕ್ಕೂ ತೊಂದರೆ ಮಾಡುತ್ತೆ. ನಿಮಗೆ ಬೇಡದ್ದು, ಅವಳಿಗೆ ಬೇಕೇ ಬೇಕಾದ್ದು. ಮೊದಲು ಅವಳನ್ನ ಕರ್ಕೊಂಡು ಬನ್ನಿ."

ಅವರು ಹರಾಜನ್ನೂ ಮರೆತು ಮನೆಗೆ ಓಡುತ್ತಾರೆ. ನಿದ್ದೆಗಣ್ಣಿನ ಮಗಳನ್ನು ಎತ್ತಿಕೊಂಡು ಬರುವ ಹೊತ್ತಿಗೆ ಡಾಕ್ಟರು ಬಂದಿದ್ದಾರೆ. ಪರೀಕ್ಷಿಸಿ, ತಪ್ಪಿದ ಮಾತ್ರೆಗಳ ಲೆಕ್ಕ ಕೇಳಿ, ಹೊಸದಾಗಿ ಬರೆದುಕೊಡುತ್ತಾರೆ. ಹೊರಗೆ ಟೊಮೆಟೊ ಹರಾಜು ಶುರುವಾಗಿದೆ, ಕೂಗುತ್ತಿರುವುದು ಭಾವಮೈದ. ಅಪ್ಪ ಆ ಕಡೆ ತಲೆ ತಿರುಗಿಸುವುದಿಲ್ಲ. ಮಗಳು ಮಾತ್ರೆ ನುಂಗುವವರೆಗೂ ನೀರಿನ ಲೋಟ ಹಿಡಿದು ನಿಂತಿರುತ್ತಾರೆ.

ನಿಮಗೇನಾದರೂ ಆಸೆ ಇದೆಯೇ ಎಂದು ಗಂಟಲಕ್ಕನನ್ನು ಕೇಳುತ್ತೇನೆ.

"ಆ ಅಣ್ಣನ ಗಂಟಲು ಬೇಗ ಸರಿಹೋಗ್ಲಿ," ಎನ್ನುತ್ತಾರೆ. "ನಾನು ಹೇಳಿದ್ರೆ ಮಂಡೀಲಿ ಯಾರೂ ಕೇಳಲ್ಲ. ಅವರು ಒಂದ್ಸಲ ಹರಾಜು ಕಟ್ಟೆ ಮೇಲೆ ನಿಂತು ಕೂಗ್ಲಿ, ಮಕ್ಕಳ ಮಾತ್ರೆ ಮುಟ್ಬೇಡಿ ಅಂತ."