ಸೋಮವಾರ ಓಡಿದ ಮಿಲ್ಲು

ಅವರ ರೆಪ್ಪೆಗೂದಲು ಬೆಳ್ಳಗಿತ್ತು. ಹುಬ್ಬು, ಮೀಸೆ, ಕಿವಿಯ ಮೇಲಿನ ಕೂದಲು, ಮುಂಗೈಯ ರೋಮ, ಎಲ್ಲವೂ ಬಿಳಿ. ಹಣೆಯ ಮೇಲಿರುವುದು ವಿಭೂತಿಯೋ ಬೆಳಗಿನಿಂದ ಕೂತ ಗೋಧಿಹಿಟ್ಟೋ ಎಂದು ಯಾರಿಗೂ ಹೇಳಲು ಬರುತ್ತಿರಲಿಲ್ಲ. ಕಣ್ಣು ಮಿಟುಕಿಸಿದರೆ ಕೆನ್ನೆಯ ಮೇಲೆ ಸಣ್ಣಗೆ ಹಿಟ್ಟು ಉದುರುತ್ತಿತ್ತು. ಎಪ್ಪತ್ತರ ಮುದುಕರೆಂದೇ ನಾನು ತಿಳಿದಿದ್ದೆ. ಒಂದು ದಿನ ದೇವಸ್ಥಾನದ ಮುಂದೆ ಕಪ್ಪು ಮೀಸೆಯ ಗಟ್ಟಿಮುಟ್ಟಾದ ಗಂಡಸೊಬ್ಬರು, ಏನಪ್ಪ, ಮನೇಲಿ ಹಿಟ್ಟು ಮುಗೀತಾ ಎಂದು ಕೇಳಿದಾಗ ಯಾರೋ ಏನೋ ಎಂದು ತಬ್ಬಿಬ್ಬಾದೆ. ಸ್ನಾನ ಮಾಡಿದ ಅವರನ್ನು ಅದುವರೆಗೆ ನೋಡಿಯೇ ಇರಲಿಲ್ಲ.

ಬನಶಂಕರಿ ಎರಡನೇ ಹಂತದಲ್ಲಿ ನಮ್ಮ ಮನೆಯಿಂದ ಎರಡು ತಿರುವು ದಾಟಿದರೆ ಅವರ ಹಿಟ್ಟಿನ ಮಿಲ್ಲು. ಬೀದಿಯವರೆಲ್ಲ ಅವರನ್ನು ಮಿಲ್ಲಿನ ಯಜಮಾನರು ಎನ್ನುತ್ತಿದ್ದರು. ತಿಪಟೂರಿನ ಕಡೆಯವರು. ಅವರ ಊರಿನಲ್ಲಿ ಸೋಮವಾರ ಎತ್ತಿಗೆ ನೊಗ ಹಾಕುವುದಿಲ್ಲ, ಆ ದಿನ ಬಸವನದು. ಬೆಂಗಳೂರಿಗೆ ಬಂದ ಮೇಲೆ ಎತ್ತು ಹೋಗಿ ಹತ್ತು ಎಚ್‌ಪಿ ಮೋಟರು ಬಂತು, ಸೋಮವಾರ ಮಾತ್ರ ಹೋಗಲಿಲ್ಲ. ಆ ದಿನ ಮೋಟರನ್ನು ಒರೆಸಿ, ಮೇಲೊಂದು ಹೂವಿಟ್ಟು, ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು. ಮಗಳ ಮದುವೆಗೆ ಕಡಲೆಹಿಟ್ಟು ಆಗಲೇಬೇಕೆಂದು ಬಂದ ಎದುರುಮನೆಯವರನ್ನೂ ಮಂಗಳವಾರ ಬನ್ನಿ ಎಂದು ಕಳಿಸಿದವರು ಅವರು. ‘ಅನ್ನ ಹಾಕ್ತಿರೋದು ಅದು. ಅದಕ್ಕೂ ಒಂದ್ ದಿನ ಬೇಡ್ವಾ?’ ಎನ್ನುತ್ತಿದ್ದರು.

ಮಿಕ್ಕ ಆರು ದಿನ ಬೆಳಿಗ್ಗೆ ಎಂಟರಿಂದ ಸಂಜೆ ಆರೂವರೆಯವರೆಗೆ ಮಿಲ್ಲು ಗುಂಯ್‌ಗುಡುತ್ತಿತ್ತು. ಡಬ್ಬಿ, ಚೀಲ ಹಿಡಿದ ಹೆಂಗಸರ ಸಾಲು. ರಾಗಿಯಾದ ಮೇಲೆ ಅಕ್ಕಿ ಹಾಕಿದರೆ ಮೊದಲ ಹಿಡಿ ಹಿಟ್ಟನ್ನು ಬೇರೆ ತೆಗೆದಿಡುತ್ತಿದ್ದರು. ಕಲ್ಲು ಹಿಂದಿನವರದ್ದು ಒಂದು ಹಿಡಿ ಇಟ್ಟುಕೊಂಡಿರುತ್ತೆ, ನಿಮಗ್ಯಾಕೆ ಅದು ಎಂದು ವಿವರಣೆ ಬೇರೆ. ಬೀಸಿದ ಹಿಟ್ಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ, ತಲೆಯಾಡಿಸಿದ ಮೇಲೆಯೇ ಚೀಲ ಕೈಗೆ ಕೊಡುತ್ತಿದ್ದರು.

ಈ ಮಿಲ್ಲಿನ ಹಿಂದಿನ ಕೋಣೆಯಲ್ಲಿ ನಮ್ಮ ಬ್ಯಾಂಡು ವರ್ಷಗಟ್ಟಲೆ ಬದುಕಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ನಾವು ನಾಲ್ವರು. ನನ್ನದು ಬೇಸ್ ಗಿಟಾರು. ಲೀಡ್ ಗಿಟಾರಿನವನು ಜಯನಗರದವನು, ನನ್ನ ಸ್ಕೂಲಿನ ಗೆಳೆಯ. ಡ್ರಮ್ಮು ಬಾರಿಸುವವನಿಗೆ ಎರಡು ತಿಂಗಳಿಗೊಮ್ಮೆ ಬ್ಯಾಂಡು ಬಿಟ್ಟು ಹೋಗುವ ಚಟ, ವಾರದಲ್ಲಿ ವಾಪಸು ಬರುವ ಚಟವೂ ಇತ್ತು. ಹಾಡುವವನು ಧಾರವಾಡದವನು, ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡು ಕೊರಿಯರ್ ಆಫೀಸಿನಲ್ಲಿ ಕೆಲಸಕ್ಕಿದ್ದ. ನಾವು ನುಡಿಸುತ್ತಿದ್ದುದನ್ನು ಆಲ್ಟರ್ನೇಟಿವ್ ಮೆಟಲ್ ಎಂದು ಕರೆದುಕೊಳ್ಳುತ್ತಿದ್ದೆವು. ತಂತಿ ಸಡಿಲ ಮಾಡಿ, ನೆಲದಡಿಯಿಂದ ಬಂದಂತಹ ದಪ್ಪ ಸದ್ದು ತೆಗೆಯುವುದು. ಅದರ ಮೇಲೆ ಅವನು ಒಮ್ಮೆ ಜೋಗುಳದ ಹಾಗೆ ಹಾಡುತ್ತ, ಮರುಕ್ಷಣವೇ ಗಂಟಲು ಹರಿಯುವಂತೆ ಅರಚುವುದು. ದಾಸರ ಪದ ಬಿಟ್ಟರೆ ಬೇರೇನೂ ಹಾಡದ ನಮ್ಮಜ್ಜಿ ಒಂದು ಸಲ ಕೇಳಿ, ಆ ಮಗು ಯಾರನ್ನಾದರೂ ಕಳಕೊಂಡಿದೆಯೇನೋ ಎಂದು ಮರುಗಿದ್ದಳು.

ಗಿಟಾರಿನವನ ಮನೆಯ ಗ್ಯಾರೇಜು, ಡ್ರಮ್ಮಿನವನ ಮಾವನ ತಾರಸಿ, ಒಂದು ಖಾಲಿ ಟ್ಯುಟೋರಿಯಲ್, ಮೂರೂ ಕಡೆಯಿಂದ ಓಡಿಸಿಕೊಂಡಿದ್ದೆವು. ಅಮ್ಮ ಕೊಟ್ಟ ಗೋಧಿ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಆ ಹಿಂದಿನ ಕೋಣೆ ಕಣ್ಣಿಗೆ ಬಿತ್ತು. ಧೈರ್ಯ ಮಾಡಿ ಕೇಳಿದೆ. ಯಜಮಾನರು ಕೇಳಿದ್ದು ಒಂದೇ ಪ್ರಶ್ನೆ.

‘ನನ್ನ ಮಿಲ್ಲಿಗಿಂತ ಜಾಸ್ತಿ ಸದ್ದು ಮಾಡ್ತೀರಾ?’

‘ಇಲ್ಲ ಯಜಮಾನ್ರೇ.’

‘ಹಂಗಾದ್ರೆ ಬನ್ನಿ. ಮಿಲ್ಲು ಓಡ್ತಿದ್ದಾಗ ನೀವೂ ಓಡ್ಸಿ. ಅದು ನಿಂತಾಗ ನೀವೂ ನಿಲ್ಲಿಸ್ಬೇಕು.’

ಹೀಗೆ ಸಂಜೆ ನಾಲ್ಕರಿಂದ ಆರೂವರೆ ನಮ್ಮದಾಯಿತು. ಅವರ ಬಾಯಲ್ಲಿ ನಮಗೆ ಬ್ಯಾಂಡ್‌ಸೆಟ್ಟಿನವರು ಎಂದು ಹೆಸರು. ನಾವು ಮದುವೆಗೆ ಊದುವವರಲ್ಲ ಎಂದು ನಾನೆಷ್ಟು ಬಿಡಿಸಿ ಹೇಳಿದರೂ, ಇವತ್ತಲ್ಲ ನಾಳೆ ಹೋಗ್ತೀರಿ ಬಿಡಪ್ಪ ಎಂದು ಸಮಾಧಾನ ಮಾಡುತ್ತಿದ್ದರು. ಸಾಲಿನಲ್ಲಿದ್ದ ಆಂಟಿಯೊಬ್ಬರು ಒಳಗಿನ ಅರಚಾಟ ಕೇಳಿ, ಯಾರಿಗೋ ಹೊಟ್ಟೆನೋವು ಅನ್ಸುತ್ತೆ ನೋಡಿ ಎಂದು ಗಾಬರಿಯಾದಾಗ ಯಜಮಾನರು ತಲೆಯೆತ್ತದೆ, ‘ದಿನಾ ಇದೇ ಟೈಮಿಗೆ ಬರುತ್ತೆ ಅಮ್ಮ. ಆರೂವರೆಗೆ ಸರಿಹೋಗುತ್ತೆ’ ಎಂದಿದ್ದರು.

ಆ ಕೋಣೆ ಈಗಲೂ ನನ್ನ ನಿದ್ದೆಯಲ್ಲಿ ಬರುತ್ತದೆ. ತಗಡಿನ ಮಾಡಿನ ನಡುವೆ ಒಂದು ಗಾಜಿನ ಹಲಗೆ. ಅದರಿಂದ ಇಳಿದ ಬಿಸಿಲಿನ ಕಂಬದೊಳಗೆ ಹಿಟ್ಟು ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ತೇಲುತ್ತಿತ್ತು. ಡ್ರಮ್ಮಿನ ಮೇಲೆ ಏಟು ಬಿದ್ದರೆ ಚರ್ಮದಿಂದ ಒಂದು ಬಿಳಿ ಮೋಡ ಎದ್ದು ಡ್ರಮ್ಮಿನವನೇ ಮಾಯವಾಗುತ್ತಿದ್ದ. ಕಾಲಡಿಯ ನೆಲ ನಡುಗುವುದು ಮಿಲ್ಲಿನಿಂದಲೋ ನಮ್ಮಿಂದಲೋ ತಿಳಿಯುತ್ತಿರಲಿಲ್ಲ. ಗಂಟೆಗಳು ಎಲ್ಲಿಗೆ ಹೋದವೆಂದೂ ತಿಳಿಯುತ್ತಿರಲಿಲ್ಲ. ಮನೆಗೆ ಹೊರಟಾಗ ನಾಲ್ವರೂ ಒಂದೇ ಬಣ್ಣದವರಾಗಿರುತ್ತಿದ್ದೆವು, ಇನ್ನೂ ಯಾರೂ ಬಣ್ಣ ಹಚ್ಚದ ಗೊಂಬೆಗಳ ಹಾಗೆ.

ಅಲ್ಲೇ ನಮ್ಮ ತಪ್ಪೂ ಶುರುವಾಗಿದ್ದು. ನಮ್ಮ ಹತ್ತಿರ ಶ್ರುತಿಪೆಟ್ಟಿಗೆ ಇರಲಿಲ್ಲ, ಟ್ಯೂನರೂ ಇರಲಿಲ್ಲ. ಮಿಲ್ಲಿನ ಗುಂಯ್‌ಕಾರದ ನಡುವೆ ಅದಕ್ಕೆ ಹೊಂದದ ಯಾವ ಸ್ವರ ಎತ್ತಿದರೂ ಹಲ್ಲು ಜುಮ್ಮೆನ್ನುತ್ತಿತ್ತು. ಗಿಟಾರಿನವನು ತಂತಿ ತಗ್ಗಿಸುತ್ತ ತಗ್ಗಿಸುತ್ತ ಸದ್ದು ಸದ್ದಿನೊಳಗೆ ಕೂತ ಜಾಗದಲ್ಲಿ ನಿಲ್ಲಿಸಿದ. ನಾನೂ ಅಲ್ಲಿಗೇ ಇಳಿಸಿದೆ. ಹಾಡುವವನೂ ಅಲ್ಲಿಂದಲೇ ಎತ್ತಿಕೊಂಡ. ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ. ಕಾಲೇಜು ಫೆಸ್ಟುಗಳಲ್ಲಿ ಜನರೇಟರಿನ ಗುಡುಗು, ಹುಡುಗರ ಕೂಗು ನಮ್ಮ ತಪ್ಪನ್ನೆಲ್ಲ ಮುಚ್ಚಿಬಿಡುತ್ತಿದ್ದವು. ಒಂದೆರಡು ಕಡೆ ಬಹುಮಾನವೂ ಬಂತು. ಒಂದು ಕಡೆ ಟೊಮೆಟೊ ಬಂತು. ಬ್ಯಾಂಡಿನ ಹೆಸರು ಮೂರು ಸಲ ಬದಲಾಯಿತು. ಧಾರವಾಡದವನು ಕನ್ನಡದಲ್ಲೇ ಹಾಡೋಣ ಎಂದರೆ ಗಿಟಾರಿನವನು, ಕನ್ನಡದಲ್ಲಿ ಅರಚಿದರೆ ಚಿಲ್ಲರೆಗೆ ಕಂಡಕ್ಟರ್ ಜತೆ ಜಗಳ ಆಡಿದ ಹಾಗಿರುತ್ತೆ ಮಗಾ ಎನ್ನುತ್ತಿದ್ದ. ಮಾತು ಬೆಳೆದು ಇಬ್ಬರೂ ವಾರಗಟ್ಟಲೆ ನನ್ನ ಮೂಲಕವೇ ಮಾತಾಡಿದ್ದೂ ಉಂಟು.

ಕೊನೆಗೆ ಜೆ.ಪಿ. ನಗರದ ಒಂದು ಸ್ಟುಡಿಯೋದಲ್ಲಿ ಒಂದು ದಿನ ಸಿಕ್ಕಿತು. ನಾಲ್ಕು ಹಾಡು ರೆಕಾರ್ಡ್ ಮಾಡಿಕೊಟ್ಟರೆ ಕ್ಯಾಸೆಟ್ ಮಾಡುವವರೊಬ್ಬರು ಕೇಳುತ್ತೇವೆಂದಿದ್ದರು. ನಮಗಿದ್ದದ್ದು ಅದೊಂದೇ ಬಾಗಿಲು. ಒಳಗೆ ಹೋದರೆ ಗೋಡೆಗೆಲ್ಲ ಸ್ಪಂಜು, ಬಾವಿಯ ತಳದಂತಹ ಮೌನ. ನಮ್ಮ ಉಸಿರು ನಮಗೇ ಕೇಳುತ್ತಿತ್ತು. ರೆಕಾರ್ಡಿಂಗಿನವರು ಕೀಬೋರ್ಡಿನ ಒಂದು ಮನೆ ಒತ್ತಿ ನಮ್ಮ ತಂತಿ ಮೀಟಿಸಿದರು. ಹುಬ್ಬು ಗಂಟಿಕ್ಕಿದರು. ಪಕ್ಕದ ಮನೆ ಒತ್ತಿದರು. ನಾವು ಎರಡರ ನಡುವೆ ಎಲ್ಲೋ ಇದ್ದೆವು. ಅವರು ತಾಳ್ಮೆಯಿಂದ ತಂತಿಗಳನ್ನು ಕೀಬೋರ್ಡಿಗೆ ಏರಿಸಿಕೊಟ್ಟರು. ಆಮೇಲೆ ಹಾಡುವವನು ಬಾಯಿ ತೆರೆದ. ಅವನಿಗೆ ನಿಲ್ಲಲು ನೆಲವೇ ಸಿಗಲಿಲ್ಲ. ಹತ್ತು ಸಲ ಎತ್ತಿದ, ಹತ್ತು ಸಲವೂ ಬೇರೆ ಬೇರೆ ಕಡೆ ಜಾರಿದ.

ಗಿಟಾರಿನವನು ಆಗ ಹೇಳಿದ ಮಾತು ನಮ್ಮೆಲ್ಲರ ಕಿವಿಯಲ್ಲೂ ಬಹಳ ಕಾಲ ಉಳಿಯಿತು. ‘ನಿನಗೆ ಶ್ರುತಿನೇ ಇಲ್ಲ ಕಣೋ. ಮೂರು ವರ್ಷ ಆ ಮಿಲ್ಲಿನ ಗಲಾಟೇಲಿ ಗೊತ್ತಾಗ್ಲಿಲ್ಲ, ಅಷ್ಟೆ.’

ಧಾರವಾಡದವನು ಹೆಡ್‌ಫೋನನ್ನು ಮೆತ್ತಗೆ ಕುರ್ಚಿಯ ಮೇಲಿಟ್ಟು ಹೊರಟುಹೋದ.

ಎರಡು ವಾರ ಯಾರೂ ಮಿಲ್ಲಿಗೆ ಹೋಗಲಿಲ್ಲ. ಅವನು ಕೆಲಸ ಬಿಟ್ಟು ಊರಿಗೆ ಹೋಗುತ್ತಾನೆ ಎಂದು ಸುದ್ದಿ ಬಂತು. ಅವನು ಹೋದರೆ ಬ್ಯಾಂಡು ಹೋದ ಹಾಗೆಯೇ. ಅವನ ಜಾಗದಲ್ಲಿ ಇನ್ನೊಬ್ಬನನ್ನು ನಿಲ್ಲಿಸುವ ಮನಸ್ಸು ಯಾರಿಗೂ ಇರಲಿಲ್ಲ, ಬೈದವನಿಗೂ. ಅಮ್ಮನ ಗೋಧಿ ಹಿಡಿದು ಹೋದಾಗ ಯಜಮಾನರು ಬ್ಯಾಂಡ್‌ಸೆಟ್ಟು ಎಲ್ಲಪ್ಪ ಎಂದರು. ಎಲ್ಲ ಹೇಳಿದೆ. ಅವರು ಮರುಕ ತೋರಿಸಲಿಲ್ಲ.

‘ಕೀಬೋರ್ಡಿಗಿಂತ ನೀವು ಮೇಲಿದ್ರಾ, ಕೆಳಗಿದ್ರಾ?’ ಎಂದರು.

ಪ್ರಶ್ನೆ ಕೇಳಿ ನಾನು ಬೆಪ್ಪಾದೆ. ಸ್ವಲ್ಪ ಕೆಳಗೆ ಎಂದೆ. ಅವರು ಕಾಳು ಬೀಳುವ ಜಾಗದ ತಗಡಿನ ತಡೆಯನ್ನು ಹೆಬ್ಬೆರಳಿನಿಂದ ಒಂದು ಕೂದಲೆಳೆಯಷ್ಟು ಮುಚ್ಚಿದರು. ಮಿಲ್ಲಿನ ಸದ್ದು ಮೇಲೇರಿತು. ತೆರೆದರು, ಇಳಿಯಿತು. ಮೂರು ವರ್ಷದಲ್ಲಿ ಮೊದಲ ಸಲ ಆ ಏರಿಳಿತ ನನ್ನ ಕಿವಿಗೆ ಬಿತ್ತು.

‘ಕಾಳು ಜಾಸ್ತಿ ಬಿಟ್ರೆ ಮೋಟ್ರು ತಗ್ಗುತ್ತೆ, ಕಮ್ಮಿ ಬಿಟ್ರೆ ಏರುತ್ತೆ. ಏರಿದಾಗೆಲ್ಲ ಒಳಗೆ ಆ ಧಾರವಾಡದ ಹುಡುಗ ದಾರಿ ತಪ್ತಿದ್ದ. ಅದಕ್ಕೆ ನೀವು ಬಂದಾಗ ಒಂದೇ ಸಮ ಬಿಡ್ತಿದ್ದೆ.’

ರಾಗಿಗೆ ಒಂದು ಅಳತೆ, ಗೋಧಿಗೆ ಒಂದು, ಅಕ್ಕಿಗೆ ಒಂದು. ದಿನಕ್ಕೆ ಎರಡೂವರೆ ಗಂಟೆ ಆ ಹೆಬ್ಬೆರಳು ತಗಡಿನ ಮೇಲೆ. ನಮ್ಮ ಹಾಡು ನಿಮಗೆ ಅಷ್ಟು ಇಷ್ಟವಾಗಿತ್ತಾ ಎಂದು ಕೇಳಿದೆ.

‘ಅಯ್ಯೋ ಇಲ್ಲಪ್ಪ,’ ಎಂದರು. ‘ಆದ್ರೆ ತಪ್ಪಿದ್ದು ಗೊತ್ತಾಗ್ತಿತ್ತು.’

ಮರುದಿನ ಮಧ್ಯಾಹ್ನ ಮಿಲ್ಲನ್ನು ಹೆಂಡತಿಗೆ ಒಪ್ಪಿಸಿ, ಒಗೆದ ಪಂಚೆ ಉಟ್ಟು ನನ್ನ ಜತೆ ಸ್ಟುಡಿಯೋಗೆ ಬಂದರು. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಿ ರೆಕಾರ್ಡಿಂಗಿನವರಿಗೆ ಕೈಮುಗಿದು, ‘ಸಾರ್, ತಪ್ಪು ಈ ಹುಡುಗ್ರದ್ದಲ್ಲ. ನನ್ನ ಮೋಟ್ರುದು’ ಎಂದರು. ಆ ಮನುಷ್ಯ ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿ ಕೇಳಿದರು, ಆಮೇಲೆ ಮೈಕು ಎತ್ತಿಕೊಂಡು ಅಲ್ಲಿಗೇ ಬರುತ್ತೇನೆ ಎಂದರು. ಆದರೆ ಗಿರಾಕಿಗಳ ಗದ್ದಲ ಇರಬಾರದು, ಬೇರೆ ಬೇರೆ ಕಾಳು ಬೀಳಬಾರದು ಎಂಬುದು ಅವರ ಷರತ್ತು.

‘ಸೋಮವಾರ ಬನ್ನಿ,’ ಎಂದರು ಯಜಮಾನರು.

ಹೊರಗೆ ಬಂದ ಮೇಲೆ ನಾನು ಸೋಮವಾರವಾ ಎಂದು ರಾಗ ಎಳೆದೆ. ‘ಅದು ನಾನೂ ಬಸವನೂ ಮಾತಾಡ್ಕೊಳ್ತೀವಿ. ನೀನು ಆ ಹುಡುಗನ್ನ ಕರ್ಕೊಂಡ್ ಬಾ. ಜೋಳ ಬೀಸಿಟ್ಟಿರ್ತೀನಿ, ಬಂದು ತಗೊಂಡು ಊರಿಗೆ ಹೋಗ್ಲಿ ಅಂತ ಹೇಳು.’

ಬಿಟಿಎಂನ ರೂಮಿನಲ್ಲಿ ಅವನು ಬಟ್ಟೆ ಮಡಚುತ್ತಿದ್ದ. ಸಾಕಾತಲೇ, ಹೊಂಟೀನಿ ಎಂದ. ರೊಟ್ಟಿ ಬಡಿಯುವ ಹಲಗೆಯೂ ಗಂಟಿನೊಳಗೆ ಸೇರಿತ್ತು. ಸೋಮವಾರ ಬಂದು ಜೋಳದ ಹಿಟ್ಟು ತಗೊಂಡು ಹೋಗಬೇಕಂತೆ ಎಂದೆ. ಅವನ ಕೈ ನಿಂತಿತು.

‘ಸೋಮವಾರ? ಅವ್ರು ಸೋಮವಾರ ಬೀಸೂದಿಲ್ಲಲ್ಲ.’

‘ಈ ಸೋಮವಾರ ಬೀಸ್ತಾರಂತೆ,’ ಎಂದೆ.

ಅವನು ಬಂದ. ವಿಷಯ ತಿಳಿದು ಮೊದಲೇ ಬಂದಿದ್ದ ಗಿಟಾರಿನವನನ್ನು ಕಂಡು ಬಾಗಿಲಲ್ಲೇ ನಿಂತ. ರೆಕಾರ್ಡಿಂಗಿನವರು ಮೈಕು ನಿಲ್ಲಿಸಿದ್ದರು, ಮೂಲೆಯಲ್ಲಿ ಜೋಳದ ಹಿಟ್ಟಿನ ಚೀಲ ಸಿದ್ಧವಾಗಿತ್ತು. ಅದನ್ನೆತ್ತಿಕೊಂಡು ಅವನು ಹಾಗೆಯೇ ಹೋಗಬಹುದಿತ್ತು. ಯಜಮಾನರು ಯಾರ ಮುಖವನ್ನೂ ನೋಡದೆ ಮೋಟರಿನ ಮುಂದೆ ಕರ್ಪೂರ ಹಚ್ಚಿದರು. ಎರಡೂ ಕೈಯಿಂದ ಅದನ್ನು ಮುಟ್ಟಿ, ತುಟಿ ಅಲ್ಲಾಡಿಸಿ, ತಮ್ಮ ಮನೆಯ ಗೋಧಿ ಮೂಟೆಯನ್ನು ಸುರಿದು ಸ್ವಿಚ್ಚು ಹಾಕಿದರು. ಮಿಲ್ಲಿನ ರಜದ ದಿನ ನಿಶ್ಶಬ್ದವಾಗಿದ್ದ ಆ ಬೀದಿಯಲ್ಲಿ ಅದರ ಸದ್ದು ನಿಧಾನವಾಗಿ ಎದ್ದು, ಹರಡಿ, ಒಂದು ಕಡೆ ಬಂದು ಕೂತಿತು. ಗಾಜಿನ ಹಲಗೆಯಿಂದ ಬಿಸಿಲು ಇಳಿದಿತ್ತು. ಹಿಟ್ಟು ತೇಲತೊಡಗಿತು. ಗಿಟಾರಿನವನು ತಲೆ ಬಗ್ಗಿಸಿ ಒಂದೊಂದೇ ತಂತಿ ತಗ್ಗಿಸಿದ. ತಗ್ಗಿಸಿ ಮುಗಿಸಿದ ಮೇಲೆ, ಸ್ಟುಡಿಯೋದ ಆ ಮಾತಿನ ನಂತರ ಮೊದಲ ಸಲ ಬಾಗಿಲಲ್ಲಿದ್ದವನ ಕಡೆ ನೋಡಿದ.

‘ಸರಿ ಇದೆಯಾ?’

ಅವನು ಬಾಗಿಲಲ್ಲೇ ಕಣ್ಣು ಮುಚ್ಚಿ ಕೇಳಿದ. ಎಷ್ಟು ಹೊತ್ತೆಂದರೆ, ಹೋಗಿಬಿಡುತ್ತಾನೆಂದೇ ನಾನು ಎಣಿಸಿದೆ.

‘ಇನ್ನೊಂದು ಚೂರು ತಗ್ಗಸು,’ ಎಂದ.

ಇವನು ತಗ್ಗಿಸಿದ. ಅವನು ಒಳಗೆ ಬಂದ.

ನಾಲ್ಕು ಹಾಡು, ಅದರಲ್ಲೊಂದು ಕನ್ನಡದ್ದು. ಅಷ್ಟು ಹೊತ್ತೂ ಯಜಮಾನರು ತಗಡಿನ ಮೇಲಿನ ಹೆಬ್ಬೆರಳು ತೆಗೆಯಲಿಲ್ಲ. ಅಲುಗಬಾರದೆಂದು ಎಡಗೈಯಿಂದ ಬಲ ಮುಂಗೈಯನ್ನು ಹಿಡಿದುಕೊಂಡಿದ್ದರು. ಆ ದಿನದ ಹಿಟ್ಟನ್ನು ಮನೆಗೂ ಇಟ್ಟುಕೊಳ್ಳಲಿಲ್ಲ, ಮಠದ ದಾಸೋಹಕ್ಕೆ ಕಳಿಸಿಕೊಟ್ಟರು. ಬಸವನಿಗೆ ಅಷ್ಟಾದರೂ ಬೇಡವೇ ಎಂದರು.

ಕ್ಯಾಸೆಟ್ಟು ಬಂತು. ದೊಡ್ಡ ಹೆಸರೇನೂ ಆಗಲಿಲ್ಲ. ಕೇಳಿದ ಕೆಲವರು ಹಿಂದೆ ಒಂದೇ ಸಮ ಬರುವುದು ಯಾವ ವಾದ್ಯ ಎಂದು ಕೇಳಿದ್ದುಂಟು. ಧಾರವಾಡದವನು ಊರಿಗೆ ಹೋಗಲಿಲ್ಲ. ಇನ್ನೂ ನಾಲ್ಕು ವರ್ಷ ಜಗಳವಾಡುತ್ತ, ಕೂಡುತ್ತ ನುಡಿಸಿದೆವು. ನಿಲ್ಲಿಸಿದಾಗ ಒಬ್ಬರನ್ನೊಬ್ಬರು ಬೈಯದೆ ನಿಲ್ಲಿಸಿದೆವು. ಆ ಸೋಮವಾರ ಇಲ್ಲದಿದ್ದರೆ ನನ್ನ ಯೌವನದ ಕೊನೆಯ ನೆನಪು ಕುರ್ಚಿಯ ಮೇಲಿಟ್ಟ ಹೆಡ್‌ಫೋನು ಆಗಿರುತ್ತಿತ್ತು. ಆಗಲಿಲ್ಲವೆಂದರೆ ಅದು ಯಜಮಾನರಿಂದ.

ಪ್ಯಾಕೆಟ್ ಹಿಟ್ಟು ಬಂದ ಮೇಲೆ ಸಾಲು ಕರಗಿತು. ಯಜಮಾನರು ಮಿಲ್ಲು ಮುಚ್ಚಿ ವಸಂತಪುರಕ್ಕೆ ಹೋದರು. ಎದೆಯಲ್ಲಿ ಕೆಮ್ಮು ಕೂತಿತ್ತು. ನೋಡಲು ಹೋದರೆ ಕೆಮ್ಮಿನ ನಡುವೆಯೇ ಮಿಕ್ಕ ಮೂವರ ಹೆಸರನ್ನೂ ಹಿಡಿದು, ಅವನು ಹೇಗಿದ್ದಾನೆ, ಇವನು ಹೇಗಿದ್ದಾನೆ ಎಂದು ವಿಚಾರಿಸುತ್ತಿದ್ದರು. ಒಂದು ಮಾಘದಲ್ಲಿ ಹೋಗಿಬಿಟ್ಟರು.

ಮಣ್ಣಿಗೆ ನಾಲ್ವರೂ ಬಂದಿದ್ದೆವು. ಕೂರಿಸಿ ಮಣ್ಣು ಕೊಡುವ ಮುನ್ನ ಅವರ ಹೆಂಡತಿ ಧಾರವಾಡದವನನ್ನು ಕರೆದು ಒಂದು ವಚನ ಹೇಳಪ್ಪ ಎಂದರು. ಅವನು ಹಾಡುವುದು ಬಿಟ್ಟು ವರ್ಷಗಳಾಗಿದ್ದವು. ಎತ್ತಿದ. ಎರಡನೇ ಸಾಲಿಗೆ ನಿಂತುಬಿಟ್ಟ. ಜನ ನೆಲ ನೋಡುತ್ತ ನಿಂತರು. ಆಗ ಅವನ ಪಕ್ಕದಲ್ಲಿದ್ದ ಗಿಟಾರಿನವನು, ನಮ್ಮ ಮುಂದೆ ಜೀವಮಾನದಲ್ಲಿ ಒಂದು ಸಲವೂ ಬಾಯಿಬಿಟ್ಟು ಹಾಡದವನು, ಮುಂದಿನ ಸಾಲನ್ನು ಎತ್ತಿಕೊಂಡ. ಒರಟು ದನಿ, ಅರ್ಧ ಮಾತು, ಅರ್ಧ ಹಾಡು. ಕೊನೆಯ ಸಾಲಿಗೆ ಧಾರವಾಡದವನೂ ಸೇರಿಕೊಂಡ.

ನಾನು ಒಂದು ಹಿಡಿ ಮಣ್ಣು ಹಾಕಿ, ಹಿಂದೆ ನಿಂತವರಿಗೆ ಜಾಗ ಬಿಟ್ಟು ಸರಿದೆ.