ವಾಸಿಯಾದವರು ಯಾರೂ ಇಲ್ವಾ ತಾತ?

ಇವತ್ತು ಬೆಳಿಗ್ಗೆ ಹಿರೀಸಾವೆಯಿಂದ ನಮ್ಮ ಸೋದರಮಾವ ಬ್ರೆಡ್ಡು, ಮೂಸಂಬಿ ಹಿಡಿದು ಬಂದರು ಸ್ನೇಹಿತರೇ. ನನ್ನ ತಮ್ಮನ ಮಗಳಿಗೆ ಕ್ಯಾನ್ಸರ್ ಆಪರೇಷನ್ ಆಗಿದೆ, ಅವಳನ್ನು ನೋಡಬೇಕಂತೆ. ಅವಳು ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು.

“ಅಯ್ಯೋ, ಎದ್ಬುಟ್ಟಿದ್ದೀಯಲ್ಲವ್ವ! ನೋಡಕ್ಕೆ ಬಂದಿವ್ನಿ, ಒಸಿ ಮನಿಕೊ” ಎಂದರು.

“ಡಾಕ್ಟ್ರೇ ಓಡಾಡು ಅಂದವ್ರೆ ತಾತ” ಎಂದು ನಕ್ಕಳು.

ಕಾಫಿ ಮುಗಿಯುವ ಮೊದಲೇ ಮಾವ ಶುರು ಮಾಡಿದರು. ಇದೇ ಕಾಯಿಲೆಯಲ್ಲಿ ಬಾಗೂರಿನಲ್ಲಿ ಯಾರು ಹೋದರು, ದುದ್ದದಲ್ಲಿ ಯಾರು ಹೋದರು. ನನಗೆ ಮೈ ಉರಿಯಿತು. ನಮ್ಮವ್ವ ಕಾಯಿಲೆ ಬಿದ್ದು ಮಲಗಿದ್ದಾಗಲೂ ಇವರು ತಲೆದೆಸೆಯಲ್ಲಿ ಕೂತು ಹೀಗೇ ಸತ್ತವರ ಹೆಸರು ಹೇಳಿದ್ದರು. ಅವ್ವ ಗೋಡೆ ಕಡೆ ಮುಖ ತಿರುಗಿಸಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಹುಡುಗಿಯೇ ಕೇಳಿದಳು:

“ವಾಸಿಯಾದವ್ರು ಯಾರೂ ಇಲ್ವಾ ತಾತ?”

ಮಾವ ಯೋಚಿಸಿದರು. “ನಂಗೆ ಗೊತ್ತಿರೋರು ಯಾರೂ ಇಲ್ಲ ಕಣವ್ವ.”

“ಅಂಗಾದ್ರೆ ನನ್ನಿಂದ ಶುರು ಮಾಡಿ.”

ಮಾವ ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಇವಳ ವಿಷಯ ಹೇಳದೆ ಇರಲಾರರು. ಅಂತೂ ಅವರ ನಾಲಿಗೆಗೆ ನಮ್ಮ ಹುಡುಗಿ ಒಂದು ಒಳ್ಳೆಯ ಕೆಲಸ ಕೊಟ್ಟಳು.